ಹುಂಡಿಯಿಂದ ಯುಪಿಐವರೆಗೆ: ಮಕ್ಕಳಿಗೆ ಕಲಿಸಬೇಕಾದ ಹಣಪಾವತಿ ಕಾನೂನು

ಅಂಗಡಿಯಲ್ಲಿ ಹೊಸದಾಗಿ ಕೂರುವ ಮಕ್ಕಳಿಗೆ ಕ್ಯೂಆರ್ ಕೋಡ್ ಬಳಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಅವರೇ ಹಿರಿಯರಿಗೆ ಕಲಿಸುತ್ತಾರೆ. ಆದರೆ ಹಣ ಬಾರದಿದ್ದರೆ ಅಥವಾ ಕಳ್ಳರ ಪಾಲಾದರೆ ನಷ್ಟ ಯಾರದು ಎಂಬುದನ್ನು ಹಿರಿಯರು ಕಲಿಸಲೇಬೇಕು.

ಹಿಂದೆ ವರ್ತಕರು ಊರಿಂದೂರಿಗೆ ಹುಂಡಿ ಬರೆದು ಹಣ ಕಳಿಸುತ್ತಿದ್ದರು. ಶಾಹಜೋಗ್ ಹುಂಡಿಯ ಹಣ ಪೇಟೆಯಲ್ಲಿ ಹೆಸರಿದ್ದ 'ಶಾಹ'ನಿಗೆ ಮಾತ್ರ ಸಲ್ಲುತ್ತಿತ್ತು. ಮನುಷ್ಯನ ಗುರುತೇ ಅಲ್ಲಿ ಭದ್ರತೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ ಕೂಡ ದೇಶಭಾಷೆಯ ಹುಂಡಿಗಳ ಸ್ಥಳೀಯ ರೂಢಿಯನ್ನು ಉಳಿಸಿಕೊಂಡಿತು.

ಚೆಕ್ ಬಂದ ಮೇಲೆ ದಿನಗಳ ಲೆಕ್ಕ ಮುಖ್ಯವಾಯಿತು. ಖಾತೆಯಲ್ಲಿ ಹಣವಿಲ್ಲದೆ ಚೆಕ್ ಬೌನ್ಸ್ ಆಗುವುದು 138ನೇ ಕಲಂ ಪ್ರಕಾರ 1989ರ ಏಪ್ರಿಲ್ 1ರಿಂದ ಅಪರಾಧ. ಬ್ಯಾಂಕಿನಿಂದ ವಿಷಯ ತಿಳಿದ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ತಲುಪಿ 15 ದಿನದಲ್ಲಿ ಹಣ ಬಾರದಿದ್ದರೆ, ಮುಂದಿನ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ದೂರು ಸಲ್ಲಿಸಬೇಕು. "ನಾಳೆ ಕೊಡುತ್ತೇನೆ" ಎಂಬ ಮಾತು ನಂಬಿ ಕೂತರೆ ಈ ಗಡುವು ದಾಟಿಹೋಗುತ್ತದೆ.

ಕಾಗದವಿಲ್ಲದ ಪಾವತಿಗೆ 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯಿದೆ. ಕಂತಿಗೆಂದು ಕೊಟ್ಟ ಎಲೆಕ್ಟ್ರಾನಿಕ್ ಆದೇಶ ಹಣವಿಲ್ಲದೆ ವಾಪಸಾದರೆ ಅದರ 25ನೇ ಕಲಂ ಅನ್ವಯಿಸುತ್ತದೆ. ಚೆಕ್ ಬೌನ್ಸ್‌ನಂತೆಯೇ ಇದಕ್ಕೂ ಎರಡು ವರ್ಷದವರೆಗೆ ಜೈಲು, ಇಲ್ಲವೇ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ ಆಗಬಹುದು. ಚೆಕ್ ಕೊಟ್ಟಿಲ್ಲವಲ್ಲ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ.

ಯುಪಿಐ ಬಂದದ್ದು 2016ರಲ್ಲಿ. ಮರುವರ್ಷ ರಿಸರ್ವ್ ಬ್ಯಾಂಕ್, ಗ್ರಾಹಕರ ಅನುಮತಿಯಿಲ್ಲದೆ ಖಾತೆಯಿಂದ ಹಣ ಹೋದರೆ ನಷ್ಟ ಯಾರದೆಂದು ನಿಯಮ ಮಾಡಿತು. ತಪ್ಪು ಬ್ಯಾಂಕಿನದಾದರೆ ಗ್ರಾಹಕರಿಗೆ ನಷ್ಟವಿಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ ಎಂದಾದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟವಿಲ್ಲ. ನಾಲ್ಕರಿಂದ ಏಳನೇ ದಿನದೊಳಗಾದರೆ ನಷ್ಟಕ್ಕೆ ಮಿತಿಯಿದೆ. ಗುಪ್ತ ಸಂಖ್ಯೆಯನ್ನು ತಾವೇ ಹೇಳಿಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಗ್ರಾಹಕರದೇ. ಮೋಸ ಹೋದೆನೆಂಬ ನಾಚಿಕೆಯಿಂದ ಮನೆಯವರಿಗೂ ಹೇಳದೆ ಸುಮ್ಮನಿದ್ದರೆ ನಷ್ಟ ಬೆಳೆಯುತ್ತದೆ. ಕೂಡಲೇ ಬ್ಯಾಂಕಿಗೆ ತಿಳಿಸಿ, 1930ಕ್ಕೆ ಕರೆ ಮಾಡಬೇಕು.

ನಾಳೆ ಇನ್ನೊಂದು ಬಗೆಯ ಪಾವತಿ ಬರಬಹುದು. ಆಗಲೂ ಕೇಳಬೇಕಾದ ಪ್ರಶ್ನೆ ಮೂರೇ: ಹಣ ಕೊಡಲು ಆದೇಶ ಕೊಟ್ಟವರು ಯಾರು? ತಪ್ಪಾದರೆ ನಷ್ಟ ಯಾರದು? ದೂರಲು ಎಷ್ಟು ದಿನವಿದೆ? ದೀಪಾವಳಿಯಲ್ಲಿ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುವಾಗ ಈ ಮೂರು ಪ್ರಶ್ನೆಗಳನ್ನೂ 1930 ಸಂಖ್ಯೆಯನ್ನೂ ಮಕ್ಕಳ ಕೈಯಿಂದಲೇ ಮೊದಲ ಪುಟದಲ್ಲಿ ಬರೆಸುವುದು ಒಳ್ಳೆಯದು.