ಕವರಿಗೆ ಅಂಟಿದ ಅಕ್ಷರ: ಕಾಗದಪತ್ರದ ಬಗ್ಗೆ ತಪ್ಪು ಕಲ್ಪನೆ ಮತ್ತು ಸತ್ಯ

ಗೊರವನಹಳ್ಳಿಯ ಲಕ್ಷ್ಮಿ ದರ್ಶನ ಮುಗಿಸಿಕೊಂಡು ಒಂದು ಶುಕ್ರವಾರ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಕೊರಟಗೆರೆಗೆ ಹೋಗಿ ಒಂದು ಕರಾರು ಪತ್ರ ಮಾಡಿಸುವ ಕೆಲಸವಿತ್ತು. ಟ್ರಂಕಿನ ತಳದಿಂದ ಅವರು ಒಂದು ಪ್ಲಾಸ್ಟಿಕ್ ಕವರ್ ತೆಗೆದುಕೊಟ್ಟರು. ಒಳಗಿನ ಹಾಳೆ ಹೊರಗೆ ಬರಲೇ ಇಲ್ಲ. ಮೆಲ್ಲಗೆ ಎಳೆದರೆ ಚರಚರ ಸದ್ದು ಮಾಡುತ್ತ ಬಂತು, ಆದರೆ ಅರ್ಧ ಅಕ್ಷರಗಳು ಕವರಿನಲ್ಲೇ ಉಳಿದವು. ಸರ್ವೆ ನಂಬರು, ಚಕ್ಕುಬಂದಿ, ಎಕರೆ, ಗುಂಟೆ ಎಲ್ಲವೂ ಕವರಿನ ಒಳಮೈಯಲ್ಲಿ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಕೂತಿದ್ದವು.

“ನೀರು ಬೀಳ್ಬಾರ್ದು ಅಂತ ಕವರಿಗೆ ಹಾಕಿದ್ನಲ್ಲೋ ಮಗಾ, ಇದೇನಾಯ್ತು?” ಅಂದರು ದೊಡ್ಡಪ್ಪ. ಅವರ ಮುಖ ಸಣ್ಣದಾಗಿತ್ತು. ಪುಣ್ಯಕ್ಕೆ ಅದು ಜೆರಾಕ್ಸ್ ಪ್ರತಿ. ಅಸಲು ಕ್ರಯಪತ್ರ ಕೈಬರಹದ್ದು, ಬಟ್ಟೆಯಲ್ಲಿ ಸುತ್ತಿ ಬೇರೆ ಇಟ್ಟಿದ್ದರು. ಒಂದು ಅಕ್ಷರವೂ ಅಲುಗಿರಲಿಲ್ಲ.

ಕಾಗದಪತ್ರದ ಬಗ್ಗೆ ನಮ್ಮ ಕಡೆ ಎಷ್ಟೊಂದು ತಪ್ಪು ನಂಬಿಕೆಗಳಿವೆ ಎಂದು ಅವತ್ತು ನನಗೆ ಹೊಳೆಯಿತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದರೆ ಮಳೆ ಕಡಿಮೆ, ಜಮೀನೇ ಜೀವ. ಪಾವಗಡದಲ್ಲಿ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆಯನ್ನು ರೈತರಿಂದ ಗುತ್ತಿಗೆಗೆ ಪಡೆದಾಗ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಎಂದು ದರ ನಿಗದಿಯಾಯಿತು. ಯಾರ ಹೆಸರಲ್ಲಿ ಪಹಣಿ ಇತ್ತೋ ಅವರ ಖಾತೆಗೆ ದುಡ್ಡು. ಒಂದು ಹಾಳೆಯ ಮೇಲಿನ ಒಂದು ಸಾಲಿಗೆ ಇಷ್ಟು ತೂಕ ಇರುವಾಗ ಆ ಸಾಲು ಯಾವುದರಿಂದ ಆದದ್ದು, ಅದನ್ನು ಹೇಗೆ ನಂಬಬೇಕು ಎಂಬುದು ತಿಳಿದಿರಲೇಬೇಕು.

“ಪೆನ್ನಲ್ಲಿ ಬರೆದದ್ದು ತಿದ್ದಬಹುದು, ಪ್ರಿಂಟು ತಿದ್ದೋಕಾಗಲ್ಲ”

ಇದು ಎಲ್ಲಕ್ಕಿಂತ ಆಳವಾಗಿ ಬೇರೂರಿದ ನಂಬಿಕೆ, ಎಲ್ಲಕ್ಕಿಂತ ದೊಡ್ಡ ತಪ್ಪೂ ಹೌದು. ಜೆರಾಕ್ಸ್ ಯಂತ್ರದಲ್ಲಾಗಲಿ ಲೇಸರ್ ಪ್ರಿಂಟರಿನಲ್ಲಾಗಲಿ ಇರುವುದು ಶಾಯಿಯಲ್ಲ, ಟೋನರ್ ಎಂಬ ಒಣ ಪುಡಿ. ಬಹುಪಾಲು ಪ್ಲಾಸ್ಟಿಕ್, ಜೊತೆಗೆ ಕಪ್ಪು ಬಣ್ಣಕ್ಕೆ ಮಸಿ, ಸ್ವಲ್ಪ ಮೇಣ. ಒಂದೊಂದು ಕಣ 5ರಿಂದ 10 ಮೈಕ್ರಾನ್, ನಮ್ಮ ತಲೆಕೂದಲಿನ ದಪ್ಪದ ಹತ್ತನೇ ಒಂದು ಭಾಗದಷ್ಟು. ಬಾಚಣಿಗೆಯನ್ನು ತಲೆಗೆ ಉಜ್ಜಿದರೆ ಕಾಗದದ ಚೂರು ಅಂಟುತ್ತದಲ್ಲ, ಅದೇ ಸ್ಥಾಯೀ ವಿದ್ಯುತ್ತು ಈ ಪುಡಿಯನ್ನು ಅಕ್ಷರದ ಆಕಾರದಲ್ಲಿ ಹಾಳೆಯ ಮೇಲೆ ಕೂರಿಸುತ್ತದೆ. ಆಮೇಲೆ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಬಿಸಿಯ ಉರುಳೆಗಳ ನಡುವೆ ಹಾಳೆ ಹಾದು, ಪುಡಿ ಕರಗಿ ಅಂಟಿಕೊಳ್ಳುತ್ತದೆ. ಈ ವಿದ್ಯೆಯಲ್ಲಿ ಮೊದಲ ಅಚ್ಚನ್ನು ಚೆಸ್ಟರ್ ಕಾರ್ಲ್‌ಸನ್ ತೆಗೆದದ್ದು 1938ರ ಅಕ್ಟೋಬರ್ 22ರಂದು. ಅಂದಿನಿಂದ ಇಂದಿನವರೆಗೂ ತತ್ತ್ವ ಬದಲಾಗಿಲ್ಲ.

ಅಂದರೆ ಪ್ರಿಂಟಿನ ಅಕ್ಷರ ಕಾಗದದ ಒಳಗೆ ಇಳಿಯುವುದಿಲ್ಲ, ಅದರ ಮೇಲೆ ಪೊರೆಯಂತೆ ಕೂತಿರುತ್ತದೆ. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ, 1962ರಿಂದ ಮೈಸೂರು ಪೇಂಟ್ಸ್ ಆ್ಯಂಡ್ ವಾರ್ನಿಷ್ ತಯಾರಿಸುತ್ತಿರುವ ಶಾಯಿಯ ಗುಣ ಇದಕ್ಕೆ ತೀರ ಉಲ್ಟಾ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದೊಂದಿಗೇ ಬೆರೆತುಹೋಗುತ್ತದೆ. ಟೋನರ್ ಯಾವುದರೊಂದಿಗೂ ಬೆರೆಯುವುದಿಲ್ಲ. ಮೆತ್ತನೆಯ ಪ್ಲಾಸ್ಟಿಕ್ ಕವರಿನಲ್ಲಿ ಅದನ್ನು ಮೃದುವಾಗಿಡಲು ಒಂದು ಎಣ್ಣೆಯಂಥ ವಸ್ತು ಸೇರಿಸಿರುತ್ತಾರೆ. ವರ್ಷಗಟ್ಟಲೆ ಒತ್ತಿಕೊಂಡಿದ್ದರೆ ಆ ವಸ್ತು ಟೋನರನ್ನು ಮೆತ್ತಗೆ ಮಾಡಿ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ದೊಡ್ಡಪ್ಪನ ಹಾಳೆಗೆ ಆದದ್ದು ಅದೇ. ತಾನಾಗಿಯೇ ಕಿತ್ತು ಬರುವ ಅಕ್ಷರವನ್ನು ಮೋಸಗಾರ ಕೆರೆದು ತೆಗೆದು ಆ ಜಾಗದಲ್ಲಿ ಬೇರೆ ಅಂಕಿ ಕೂರಿಸಲಾರನೇ? ವಿಶೇಷ ಟೋನರುಗಳು ಹುಟ್ಟಿದ್ದೇ ಈ ದೌರ್ಬಲ್ಯಕ್ಕೆ ಮದ್ದಾಗಿ.

ಅಮೆರಿಕದ ಟ್ರಾಯ್‌ನಂಥ ಕಂಪನಿಗಳು ಮಾಡುವ ಒಂದು ಬಗೆಯ ಟೋನರಿನಲ್ಲಿ ಕಪ್ಪು ಪುಡಿಯ ಜೊತೆ ಕೆಂಪು ಬಣ್ಣ ಅಡಗಿರುತ್ತದೆ. ಯಾರಾದರೂ ದ್ರಾವಕ ಹಾಕಿ ಅಕ್ಷರ ತೊಳೆಯಲು ಹೋದರೆ ಆ ಕೆಂಪು ಹರಡಿ ಹಾಳೆಯ ಮೇಲೆ ಕಲೆ ಉಳಿಯುತ್ತದೆ. ಮೇಲ್ಮೈ ಕೆರೆದರೂ ಕಾಗದದ ನಾರಿಗೆ ಇಳಿದ ಬಣ್ಣ ಹೋಗುವುದಿಲ್ಲ, ಹಿಂಬದಿಯಿಂದಲೂ ನೆರಳಿನಂತೆ ಕಾಣುತ್ತದೆ. ಇನ್ನೊಂದು ಬಗೆ ಬರಿಗಣ್ಣಿಗೆ ಕಾಣದ ಟೋನರ್, ನೇರಳಾತೀತ ದೀಪದ ಕೆಳಗೆ ಮಾತ್ರ ಹೊಳೆಯುವಂಥದು. ಮೂರನೆಯದು ಕಬ್ಬಿಣದ ಆಕ್ಸೈಡ್ ಬೆರೆಸಿದ ಕಾಂತೀಯ ಟೋನರ್. ಟೋನರನ್ನು ಬಿಗಿಯಾಗಿ ಹಿಡಿದುಕೊಳ್ಳುವ ಲೇಪನದ ಕಾಗದವೂ ಬೇರೆ ಉಂಟು.

ಇವೆಲ್ಲ ಒಳ್ಳೆಯ ವಿದ್ಯೆಗಳೇ. ಆದರೆ ಇವು ಮಾಡುವ ಕೆಲಸ ಎಷ್ಟು ಎಂಬುದನ್ನು ಸರಿಯಾಗಿ ತಿಳಿಯಬೇಕು. ಕೆಂಪು ಬಣ್ಣದ ಟೋನರ್ ಹಾಳೆಯನ್ನು ತಿದ್ದಿದ್ದಾರೆ ಎಂದು ಹೇಳಬಲ್ಲದು. ಮೊದಲಿಗೆ ಬರೆದದ್ದೇ ಸುಳ್ಳಾಗಿದ್ದರೆ ಅದು ಆ ಸುಳ್ಳನ್ನೇ ಭದ್ರವಾಗಿ ಹಿಡಿದಿಟ್ಟುಕೊಳ್ಳುತ್ತದೆ.

“ಚೆಕ್ಕಿನ ಕೆಳಗಿನ ಅಂಕಿಗಳು ಕಳ್ಳರನ್ನು ತಡೆಯಲು”

ಚೆಕ್ಕಿನ ತಳದ ವಿಚಿತ್ರ ಆಕಾರದ ಅಂಕಿಗಳನ್ನು ಕಾಂತೀಯ ಶಾಯಿ ಅಥವಾ ಟೋನರಿನಲ್ಲಿ ಅಚ್ಚು ಮಾಡುತ್ತಾರೆ. ಅವು ಭದ್ರತೆಗೆ ಎಂದೇ ಹೆಚ್ಚಿನವರ ಭಾವನೆ. ನಿಜದಲ್ಲಿ 1950ರ ದಶಕದಲ್ಲಿ ಅಮೆರಿಕದಲ್ಲಿ ಅವನ್ನು ರೂಪಿಸಿದ್ದು ಯಂತ್ರ ಬೇಗ ಓದಲಿ, ರಾಶಿ ಚೆಕ್ಕುಗಳನ್ನು ವಿಂಗಡಿಸಲಿ ಎಂದು. ಒಂಬತ್ತು ಅಂಕಿಯ ಗುಂಪಿನಲ್ಲಿ ಮೊದಲ ಮೂರು ಊರು, ಮುಂದಿನ ಮೂರು ಬ್ಯಾಂಕು, ಕೊನೆಯ ಮೂರು ಶಾಖೆ. ನಮ್ಮ ತುಮಕೂರು ಜಿಲ್ಲೆಯ ಚೆಕ್ಕಾದರೆ ಪಿನ್‌ಕೋಡಿನಂತೆ 572ರಿಂದ ಶುರು.

ಚೆಕ್ಕಿನ ಭದ್ರತೆ ಇರುವುದು ಬೇರೆಡೆ. ಸಿಟಿಎಸ್-2010 ಮಾನದಂಡದ ಚೆಕ್ಕನ್ನು ಬೆಳಕಿಗೆ ಹಿಡಿದರೆ ಕಾಗದದೊಳಗೆ ‘ಸಿಟಿಎಸ್ ಇಂಡಿಯಾ’ ಎಂಬ ನೀರಚ್ಚು ಇಂಗ್ಲಿಷಿನಲ್ಲಿ ಕಾಣುತ್ತದೆ. ಕಲರ್ ಜೆರಾಕ್ಸ್ ತೆಗೆದರೆ ಅಸಲಿನಲ್ಲಿ ಕಾಣದ ‘ವಾಯ್ಡ್’ ಎಂಬ ಪದ ನಕಲಿನಲ್ಲಿ ಎದ್ದು ಬರುತ್ತದೆ. ಬ್ಯಾಂಕಿನ ಲಾಂಛನ ನೇರಳಾತೀತ ದೀಪದಲ್ಲಷ್ಟೇ ಮೂಡುತ್ತದೆ. ಇಷ್ಟಿದ್ದೂ 2010ರ ಡಿಸೆಂಬರ್‌ನಿಂದ ಚೆಕ್ಕಿನಲ್ಲಿ ಹೆಸರು, ಮೊತ್ತ ತಿದ್ದುವಂತಿಲ್ಲ ಎಂದಿತು ರಿಸರ್ವ್ ಬ್ಯಾಂಕು. 2021ರ ಜನವರಿಯಿಂದ 50,000 ರೂಪಾಯಿ ಮತ್ತು ಮೇಲ್ಪಟ್ಟ ಚೆಕ್ಕುಗಳಿಗೆ, ಬರೆದವರು ವಿವರವನ್ನು ಮೊದಲೇ ಬ್ಯಾಂಕಿಗೆ ತಿಳಿಸುವ ಏರ್ಪಾಡೂ ಬಂತು. ಕಾಗದವೊಂದನ್ನೇ ನಂಬಿ ಕೂರಬಾರದು ಎಂಬುದನ್ನು ಬ್ಯಾಂಕುಗಳೇ ಒಪ್ಪಿಕೊಂಡ ಹಾಗಾಯಿತು.

“ನೀಲಿ ದೀಪದಲ್ಲಿ ಹೊಳೆದರೆ ಅಸಲು”

ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಸಣ್ಣ ನೇರಳೆ ದೀಪ ಇಟ್ಟುಕೊಂಡು ನೋಟು ಹಿಡಿದು ನೋಡುವುದುಂಟು. ಹೊಳೆದರೆ ಅಸಲು ಎಂದು ಅನೇಕರು ತಿಳಿದಿದ್ದಾರೆ. ಇಲ್ಲಿ ಸತ್ಯ ಹೆಚ್ಚುಕಡಿಮೆ ತಲೆಕೆಳಗು. ಅಂಗಡಿಯಲ್ಲಿ ಸಿಗುವ ಬಿಳಿ ಎ4 ಹಾಳೆಗೆ ಇನ್ನೂ ಬೆಳ್ಳಗೆ ಕಾಣಲಿ ಎಂದು ಹೊಳಪಿನ ರಾಸಾಯನಿಕ ಹಾಕಿರುತ್ತಾರೆ. ಅದು ಈ ದೀಪದಲ್ಲಿ ನೀಲಿಯಾಗಿ ಝಗ್ಗನೆ ಹೊಳೆಯುತ್ತದೆ. ನೋಟಿನ ಕಾಗದ, ಚೆಕ್ಕಿನ ಕಾಗದ ಮಂಕಾಗಿರಬೇಕು. ಆ ಮಂಕಿನ ನಡುವೆ ಗೊತ್ತಾದ ಜಾಗದಲ್ಲಿ ಗೊತ್ತಾದ ಗುರುತು ಮಾತ್ರ ಹೊಳೆಯಬೇಕು. ಬಟ್ಟೆ ಒಗೆಯುವ ಪುಡಿಯಲ್ಲೂ ಇಂಥದೇ ರಾಸಾಯನಿಕ ಇರುವುದರಿಂದ ಅಂಗಿಯ ಜೇಬಿನಲ್ಲಿ ಮರೆತು ಒಗೆದ ಅಸಲು ನೋಟೂ ಹೊಳೆದು ಅನುಮಾನ ಹುಟ್ಟಿಸೀತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ನೋಟಿನ ಮಾತು ಬಂದದ್ದರಿಂದ ಇನ್ನೊಂದು ಹೇಳಬೇಕು. ವಿಶೇಷ ಟೋನರ್ ಇದ್ದರೆ ನೋಟನ್ನೂ ಹಾಗೇ ಅಚ್ಚು ಹಾಕಬಹುದು ಎಂಬ ಭಯ ಕೆಲವರಿಗಿದೆ. ಅದು ಅಷ್ಟು ಸುಲಭವಲ್ಲ. ಹೊಸ 500ರ ನೋಟನ್ನು ಓರೆ ಮಾಡಿದರೆ ಬಲ ಕೆಳಗಿನ 500 ಎಂಬ ಅಂಕಿ ಹಸಿರಿನಿಂದ ನೀಲಿಗೆ ತಿರುಗುತ್ತದೆ. ಬೆಳಕು ಬೀಳುವ ಕೋನಕ್ಕೆ ತಕ್ಕಂತೆ ಬಣ್ಣ ಬದಲಿಸುವ ಶಾಯಿಯ ಕೆಲಸ ಅದು. ಜೆರಾಕ್ಸ್ ಯಂತ್ರ ಒಂದೇ ಕೋನದಿಂದ ನೋಡಿ ಒಂದೇ ಬಣ್ಣ ಹಿಡಿಯುತ್ತದೆ, ನಕಲನ್ನು ಎಷ್ಟು ತಿರುಗಿಸಿದರೂ ಅದು ಬದಲಾಗದು. ಈ ಶಾಯಿ ತಯಾರಿಸುವ ‘ವರ್ಣಿಕಾ’ ಘಟಕ 2022ರ ಮಾರ್ಚ್‌ನಲ್ಲಿ ಮೈಸೂರಿನಲ್ಲೇ ಶುರುವಾಯಿತು, ವರ್ಷಕ್ಕೆ 1,500 ಟನ್ ಸಾಮರ್ಥ್ಯದ್ದು. ಕಲರ್ ಜೆರಾಕ್ಸ್ ಹಾಕಿದವರು ಸಿಕ್ಕುವುದಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಅನೇಕ ಕಲರ್ ಲೇಸರ್ ಪ್ರಿಂಟರುಗಳು ಪ್ರತಿ ಹಾಳೆಯ ಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಹಳದಿ ಚುಕ್ಕೆಗಳನ್ನು ಒತ್ತುತ್ತವೆ. 2005ರಲ್ಲಿ ಅಮೆರಿಕದ ಒಂದು ನಾಗರಿಕ ಹಕ್ಕುಗಳ ಸಂಸ್ಥೆ ಒಂದು ಮಾದರಿಯ ಚುಕ್ಕೆಗಳನ್ನು ಬಿಡಿಸಿದಾಗ ಅದರಲ್ಲಿ ಯಂತ್ರದ ಕ್ರಮಸಂಖ್ಯೆ, ದಿನ, ಹೊತ್ತು ಎಲ್ಲ ಇತ್ತು.

ಆದರೂ 2016ರ ನವೆಂಬರ್‌ನಲ್ಲಿ, ಹೊಸ 2,000ದ ನೋಟು ಹೊರಬಂದ ಕೆಲವೇ ದಿನಗಳಲ್ಲಿ, ಚಿಕ್ಕಮಗಳೂರಿನ ಎಪಿಎಂಸಿಯಲ್ಲಿ ಈರುಳ್ಳಿ ಮಾರಿದ ರೈತರೊಬ್ಬರಿಗೆ ಯಾರೋ ಆ ನೋಟಿನ ಕಲರ್ ಜೆರಾಕ್ಸ್ ಕೊಟ್ಟು ಹೋದರು. ಅಸಲಿನಲ್ಲಿ ಎಲ್ಲ ಭದ್ರತೆಯೂ ಇತ್ತು, ಆದರೆ ಹಳ್ಳಿಯ ಜನ ಅಸಲನ್ನು ಇನ್ನೂ ಕಂಡೇ ಇರಲಿಲ್ಲ. ಅದೇ ದಿನಗಳಲ್ಲಿ ನೋಟಿನೊಳಗೆ ಜಿಪಿಎಸ್ ಚಿಪ್ ಇದೆ, ನೆಲದಡಿ ಹೂತರೂ ಗೊತ್ತಾಗುತ್ತದೆ ಎಂಬ ಸುದ್ದಿ ಮನೆಮನೆ ಸುತ್ತಿತು. ಅಂಥ ಚಿಪ್ಪು ಯಾವ ನೋಟಿನಲ್ಲೂ ಇಲ್ಲ. ಇಲ್ಲದ ಚಿಪ್ಪಿನ ಕಥೆ ಎಲ್ಲರಿಗೂ ತಲುಪಿತು, ಇದ್ದ ಬಣ್ಣದ ಗುರುತು ಆ ರೈತರಿಗೆ ತಲುಪಲಿಲ್ಲ. ನನ್ನ ಮನಸ್ಸಿಗೆ ಇವತ್ತಿಗೂ ನೋವಾಗುವುದು ಇದೇ.

“ಛಾಪಾ ಕಾಗದ ಎಂದರೆ ಸರ್ಕಾರದ್ದೇ”

ಈ ನಂಬಿಕೆಯನ್ನು ಮುರಿದವನು ನಮ್ಮ ರಾಜ್ಯದವನೇ. ಬೆಳಗಾವಿ ಜಿಲ್ಲೆ ಖಾನಾಪುರದ ಅಬ್ದುಲ್ ಕರೀಂ ತೆಲಗಿ, 1994ರಲ್ಲಿ ಛಾಪಾ ಕಾಗದ ಮಾರುವ ಪರವಾನಗಿ ಪಡೆದ. ನಾಸಿಕದ ಭದ್ರತಾ ಮುದ್ರಣಾಲಯದಿಂದ ಹಳೆಯದೆಂದು ಹೊರಬಿದ್ದ ಯಂತ್ರಗಳನ್ನೇ ಸಂಪಾದಿಸಿ ಕಾಗದ ಅಚ್ಚು ಹಾಕಿದ. 2000ದಲ್ಲಿ ಬೆಂಗಳೂರಿನಲ್ಲಿ ಖೋಟಾ ಛಾಪಾ ಕಾಗದ ಸಾಗಿಸುತ್ತಿದ್ದವರು ಸಿಕ್ಕಿಬಿದ್ದಾಗ ಎಳೆ ಬಿಚ್ಚಿಕೊಂಡಿತು. 2001ರ ನವೆಂಬರ್‌ನಲ್ಲಿ ಅಜ್ಮೇರದಲ್ಲಿ ಅವನ ಬಂಧನವಾಯಿತು. 2017ರಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ, ಕೈದಿಯಾಗಿಯೇ ಸತ್ತ.

ಅವನ ಕಾಗದ ಕೊಂಡವರಲ್ಲಿ ಬ್ಯಾಂಕುಗಳಿದ್ದವು, ವಿಮಾ ಕಂಪನಿಗಳಿದ್ದವು. ಅವರು ಕಾಗದ ಮುಟ್ಟಿ ನೋಡಲಿಲ್ಲವೆಂದಲ್ಲ. ಮುಟ್ಟಿದರೆ ಅದು ಅಸಲಿನಂತೆಯೇ ಇತ್ತು. ಆದರೆ ಕೈಯಲ್ಲಿರುವ ಹಾಳೆಯ ಸಂಖ್ಯೆಯನ್ನು ಹಿಡಿದು “ಇದನ್ನು ನೀವೇ ಕೊಟ್ಟಿರೋದಾ?” ಎಂದು ಸರ್ಕಾರವನ್ನು ಅಲ್ಲೇ ನಿಂತು ಕೇಳುವ ದಾರಿ ಜನಸಾಮಾನ್ಯರಿಗೆ ಇರಲಿಲ್ಲ. ಹಗರಣದ ತರುವಾಯ ಕರ್ನಾಟಕ ಹಳೆಯ ಛಾಪಾ ಕಾಗದವನ್ನೇ ಕೈಬಿಟ್ಟು, 2008ರ ಹೊತ್ತಿಗೆ ಇ-ಸ್ಟ್ಯಾಂಪಿಗೆ ಬಂದದ್ದು ಈ ಕೊರತೆ ತುಂಬಲು. ಪಹಣಿಯ ಕಥೆಯೂ ಇದಕ್ಕೆ ಹತ್ತಿರವೇ. ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿದ್ದ ಸುಮಾರು 2 ಕೋಟಿ ಪಹಣಿಗಳು ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿದ ಮೇಲೆ, ಕೈಬರಹದ ಪಹಣಿಗೆ ಬೆಲೆ ಇಲ್ಲದಾಯಿತು. ತಿದ್ದುವ ನೌಕರ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು ಎಂದಾಯಿತು. ಕಾಗದ ಮತ್ತು ಶಾಯಿಯಲ್ಲಿದ್ದ ಭದ್ರತೆ ದಾಖಲೆ ಇರುವ ಜಾಗಕ್ಕೆ ಸರಿಯಿತು.

ಇನ್ನೆರಡು ನಂಬಿಕೆ ಬೇಗ ಹೇಳಿಬಿಡುತ್ತೇನೆ. ಲ್ಯಾಮಿನೇಷನ್ ಮಾಡಿಸಿದರೆ ಅಂಕಪಟ್ಟಿ, ಪ್ರಮಾಣಪತ್ರ ಸುರಕ್ಷಿತ ಎನ್ನುತ್ತಾರೆ. ಅದರ ಬಿಸಿಗೆ ಟೋನರ್ ಮೆತ್ತಗಾಗಬಹುದು. ಉಬ್ಬು ಮುದ್ರೆಯನ್ನು ಬೆರಳಿಂದ ಸವರಿ ನೋಡುವ ದಾರಿಯೂ ಮುಚ್ಚಿಹೋಗುತ್ತದೆ. ಅಸಲು ಪತ್ರಕ್ಕೆ ಲ್ಯಾಮಿನೇಷನ್ ಬೇಡ, ಬಟ್ಟೆ ಅಥವಾ ಕಾಗದದ ಲಕೋಟೆ ಸಾಕು. ಕ್ಯೂಆರ್ ಕೋಡ್ ಇದ್ದರೆ ಅಸಲು ಎನ್ನುವುದು ಇನ್ನೊಂದು. ಕೋಡನ್ನು ಯಾರು ಬೇಕಾದರೂ ಸೃಷ್ಟಿಸಿ ಸುಳ್ಳು ಪುಟಕ್ಕೆ ದಾರಿ ಮಾಡಬಹುದು. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ನಾಡಕಚೇರಿಯ ಸರ್ಕಾರಿ ಜಾಲತಾಣವನ್ನು ನಾವೇ ತೆರೆದು ಆ ಸಂಖ್ಯೆ ಹಾಕಿ ನೋಡಬೇಕು, ಪತ್ರ ತಂದವರು ತೋರಿಸಿದ ಕೊಂಡಿಯನ್ನಲ್ಲ.

ಕೊರಟಗೆರೆಯಲ್ಲಿ ಅವತ್ತು ಇ-ಸ್ಟ್ಯಾಂಪ್ ತೆಗೆದುಕೊಂಡೆವು. ದೊಡ್ಡಪ್ಪ ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. “ಇದ್ರಲ್ಲಿ ಏನೂ ಕಾಣಾಕಿಲ್ಲ ಕಣೋ. ಹಳೇ ಬಾಂಡ್ ಪೇಪರಲ್ಲಿ ಒಳಗೆ ಚಿತ್ರ ಇರೋದು.”

“ಇದನ್ನ ಬೆಳಕಲ್ಲಿ ನೋಡೋದಲ್ಲ ದೊಡ್ಡಪ್ಪ, ನಂಬರಲ್ಲಿ ನೋಡೋದು” ಎಂದು ಫೋನಿನಲ್ಲಿ, ಆ ಇ-ಸ್ಟ್ಯಾಂಪ್ ಹೊರಡಿಸಿದ ಸ್ಟಾಕ್ ಹೋಲ್ಡಿಂಗ್ ಸಂಸ್ಥೆಯ ಜಾಲತಾಣ ತೆರೆದೆ. ಐಎನ್-ಕೆಎ ಎಂದು ಶುರುವಾಗುವ ಉದ್ದನೆಯ ಸಂಖ್ಯೆ, ಪತ್ರದ ದಿನಾಂಕ ಹಾಕಿದೆ. ಎರಡೂ ಪಕ್ಷದವರ ಹೆಸರು, ಮೊತ್ತ ತೆರೆಯ ಮೇಲೆ ಬಂತು. ಅವರು ಕನ್ನಡಕ ಏರಿಸಿಕೊಂಡು ಒಂದೊಂದೇ ಅಕ್ಷರ ಹೊಂದಿಸಿ ನೋಡಿದರು.

“ಕೆಳಗೆ ಇಂಗ್ಲಿಷಲ್ಲಿ ಸಣ್ಣಕ್ಕೆ ಏನೋ ಬರ್ದೈತಲ್ಲ, ಅದೇನು?”

ಓದಿ ಹೇಳಿದೆ. ಅದರ ತಿರುಳು ಇಷ್ಟು: ಈ ಪತ್ರ ಅಸಲೇ ಎಂದು ಜಾಲತಾಣದಲ್ಲಿ ತಾಳೆ ನೋಡಬೇಕು, ವ್ಯತ್ಯಾಸ ಕಂಡರೆ ಪತ್ರ ಅಸಿಂಧು, ತಾಳೆ ನೋಡುವ ಹೊಣೆ ಬಳಸುವವರದೇ.

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹೊಣೆ ನಮ್ದು ಅಂದ್ಮೇಲೆ ನಮ್ ಭಾಷೇಲಿ ಹೇಳ್ಬೇಕಲ್ವೇನೋ” ಅಂದರು. ಜೆರಾಕ್ಸ್ ಪ್ರತಿಯನ್ನು ಮಗುಚಿ ನನ್ನ ಮುಂದಿಟ್ಟು ಜೇಬಿನ ಪೆನ್ನು ಕೊಟ್ಟರು. ಅದರ ಬೆನ್ನ ಮೇಲೆ ಆ ಮಾತುಗಳನ್ನು ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ. ಅವರು ಎರಡು ಸಲ ಓದಿಸಿಕೊಂಡು, ಹಾಳೆಯನ್ನು ಬಟ್ಟೆ ಚೀಲದೊಳಗೆ ಇಟ್ಟುಕೊಂಡರು.