ಆಸರಿಗೆಯ ಕಟ್ಟೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹವ್ಯಕರ ಮನೆಗೆ ಬಂದ ಅತಿಥಿಯನ್ನು ಮೊದಲು ಎದುರುಗೊಳ್ಳುವ ಪ್ರಶ್ನೆ ‘ಆಸರಿಗೆ ಏನು ಬೇಕು?’ ಎಂಬುದು. ಬೆಲ್ಲ-ನೀರು, ಮಜ್ಜಿಗೆ ಅಥವಾ ಮುರುಗಲು ಹಣ್ಣಿನ ಪಾನಕ ಕೈಗೆ ಬಂದ ಮೇಲೆಯೇ ಉಳಿದ ಮಾತು. ಪಾಶ್ಚಾತ್ಯರು ಇಂತಹ ಸತ್ಕಾರಕ್ಕಾಗಿ ಬೈಠಕ್‌ಖಾನೆಯಲ್ಲಿಯೇ ನಲ್ಲಿ, ತೊಟ್ಟಿಗಳುಳ್ಳ ಕಟ್ಟೆಯೊಂದನ್ನು ಕಟ್ಟಿಸಿ ‘ವೆಟ್ ಬಾರ್’ ಎನ್ನುವರು. ಅಲ್ಲಿ ಮದ್ಯ, ಇಲ್ಲಿ ಪಾನಕ. ಭೌತವಿಜ್ಞಾನಕ್ಕೆ ಈ ಭೇದವಿಲ್ಲ. ನೀರು ಒಳಗೆ ಬರಬೇಕು, ತಣ್ಣಗಿರಬೇಕು, ಬಳಸಿದ ಮೇಲೆ ಹೊರಗೆ ಹೋಗಬೇಕು.

ಗುಡ್ಡದ ಒರತೆಯ ನೀರನ್ನು ಅಡಿಕೆಮರದ ದಬ್ಬೆಗಳಲ್ಲಿ ಮನೆಯಂಗಳಕ್ಕೆ ಹರಿಸಿದ ನಮ್ಮ ಹಿರಿಯರು ಗುರುತ್ವವನ್ನೇ ದುಡಿಸಿಕೊಂಡರು. ಕೊಳವೆಯಲ್ಲಿಯೂ ಅದೇ ನಿಯಮ. 10 ಮೀಟರ್ ಎತ್ತರದ ನೀರು ಸುಮಾರು ಒಂದು ವಾಯುಮಂಡಲದಷ್ಟು ಒತ್ತಡವನ್ನು ಕೊಡುತ್ತದೆ. ತೊಟ್ಟಿಯ ನೀರು ನಲ್ಲಿಗಿಂತ 3 ಮೀಟರ್ ಮೇಲಿದ್ದರೆ ಲೋಟ ತುಂಬಲು ಸಾಕು. ತೊಟ್ಟಿಯನ್ನು ಅಗಲಿಸಿದರೆ ಒತ್ತಡ ಹೆಚ್ಚದು. ಎತ್ತರವೊಂದೇ ಲೆಕ್ಕಕ್ಕೆ ಬರುವುದು.

ಇನ್ನು ತಂಪು. ಮಣ್ಣಿನ ಹೂಜಿಯ ಹೊರಮೈಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಉಷ್ಣ ಬೇಕು. 5 ಲೀಟರಿನಲ್ಲಿ 50 ಗ್ರಾಂ ಆವಿಯಾದರೆ, ಹೊರಗಿನ ಉಷ್ಣ ಒಳಸೇರದಿದ್ದಲ್ಲಿ, ಉಳಿದ ನೀರು ಸುಮಾರು 6 ಡಿಗ್ರಿ ಸೆಲ್ಸಿಯಸ್ ತಣಿಯುತ್ತದೆ. ಆದ್ದರಿಂದ ಹೂಜಿಯ ಸ್ಥಾನ ಗಾಳಿಯಾಡುವ ನೆರಳಿನಲ್ಲಿರಲಿ. ಮಳೆಗಾಲದ ತೇವದ ಗಾಳಿಯಲ್ಲಿ ಈ ಉಪಾಯ ಸೋಲುತ್ತದೆ. ಆದರೆ ಆಗ ಅತಿಥಿಗಳು ಕೇಳುವುದು ಬಿಸಿ ಕಷಾಯವನ್ನಲ್ಲವೆ! ಮುರುಗಲು, ಮಜ್ಜಿಗೆಗಳು ಆಮ್ಲೀಯವಾದುದರಿಂದ ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆಗಳಲ್ಲಿ ಅವನ್ನು ಇಡಲಾಗದು. ಲೋಹ ಕರಗಿ ಪಾನಕಕ್ಕೆ ಸೇರುತ್ತದೆ.

ನಾವು ಎಡವಿದುದು ಮೂರನೆಯದರಲ್ಲಿ. ನಮ್ಮ ಜಗಲಿಯ ಕಟ್ಟೆಯಿಂದ ಕೊಳವೆಯನ್ನು ನೇರವಾಗಿ ಬಚ್ಚಲಗುಂಡಿಗೆ ಬಿಟ್ಟೆವು. ಮೊದಲ ಅತಿಥಿಗಳು ಕುಳಿತ ದಿನ ಪಾನಕದ ಪರಿಮಳಕ್ಕಿಂತ ಮುಂಚೆ ಗುಂಡಿಯ ದುರ್ನಾತ ಬಂದಿತು. ಭೌತವಿಜ್ಞಾನ ಕಲಿಸುವವರ ಮನೆಯಲ್ಲಿಯೇ ಹೀಗಾಯಿತೆಂದು ನಾಚಿದೆವು. ಪರಿಹಾರ ಹಳೆಯದೇ: 1775ರಲ್ಲಿ ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ ತನ್ನ ಶೌಚಪಾತ್ರೆಗೆ ಬಾಗಿದ ಕೊಳವೆಯನ್ನು ಅಳವಡಿಸಿ ಪೇಟೆಂಟ್ ಪಡೆದಿದ್ದನು. ಬಾಗಿನಲ್ಲಿ ನಿಂತ ನೀರು ಕೊಳೆನೀರಿಗೆ ದಾರಿ ಬಿಟ್ಟು, ದುರ್ವಾಯುವಿಗೆ ಬಾಗಿಲಿಕ್ಕುತ್ತದೆ.

ಈ ಬಾಗಿಲಿಗೂ ಕಾವಲು ಬೇಕು. ವಾರಗಟ್ಟಲೆ ಬಳಸದಿದ್ದರೆ ಬಾಗಿನ ನೀರು ಆರಿಹೋಗುತ್ತದೆ. ಹೂಜಿಯನ್ನು ತಣಿಸಿದ ಆವಿಯಾಗುವಿಕೆಯೇ ಇಲ್ಲಿ ಕೇಡು ಮಾಡುತ್ತದೆ. ರಜೆಯಲ್ಲಿ ಊರಿಗೆ ಮರಳಿದ ವಿದ್ಯಾರ್ಥಿಗಳು, ತಾವು ಆಸರಿಗೆ ಕುಡಿಯುವ ಮೊದಲು, ತೊಟ್ಟಿಯ ಕಂಡಿಗೂ ಒಂದು ತಂಬಿಗೆ ನೀರು ಕುಡಿಸಲಿ.