ಇನ್ಸುಲಿನ್‌ಗೆ ಬಿಸಿಲಿಗಿಂತ ಐಸ್ ಕೇಡು

ಮದುವೆಗೋ ಜಾತ್ರೆಗೋ ಊರಿಗೆ ಹೊರಟ ಸಕ್ಕರೆ ಕಾಯಿಲೆಯವರ ಚೀಲದಲ್ಲಿ ಒಂದು ಸ್ಟೀಲ್ ಡಬ್ಬಿ ಇರುತ್ತದೆ. ಅದರ ತುಂಬ ಐಸ್, ಐಸಿನ ನಡುವೆ ಹೂತಿಟ್ಟ ಇನ್ಸುಲಿನ್ ಬಾಟಲಿ. ಮನೆಯವರ ಕಾಳಜಿ ದೊಡ್ಡದೇ. ಆದರೆ ಬಿಸಿಲು ಇನ್ಸುಲಿನ್ನಿನ ಸತ್ವವನ್ನು ನಿಧಾನಕ್ಕೆ ಹೀರುತ್ತದೆ. ಹೆಪ್ಪುಗಟ್ಟಿತೋ, ಒಂದೇ ಸಲಕ್ಕೆ ಕೆಟ್ಟಿತು.

ಇನ್ಸುಲಿನ್ ಒಂದು ಪ್ರೋಟೀನು. 51 ಅಮೈನೋ ಆಮ್ಲಗಳು ಎರಡು ಸರಪಳಿಗಳಾಗಿ ಹೆಣೆದು, ನಿರ್ದಿಷ್ಟ ರೀತಿಯಲ್ಲಿ ಮಡಚಿಕೊಂಡಿವೆ. ಆ ಮಡಿಕೆ ಸರಿಯಿದ್ದರಷ್ಟೇ ಅದಕ್ಕೆ ಕೆಲಸ. ದ್ರಾವಣ ಹೆಪ್ಪುಗಟ್ಟುವಾಗ ನೀರು ಹರಳಾಗುತ್ತ ಉಳಿದುದನ್ನೆಲ್ಲ ಆಚೆ ತಳ್ಳುತ್ತದೆ. ಇಕ್ಕಟ್ಟಿಗೆ ಸಿಕ್ಕ ಪ್ರೋಟೀನುಗಳು ಒಂದಕ್ಕೊಂದು ಅಂಟಿ ಗುಂಪುಗಟ್ಟುತ್ತವೆ. ಐಸ್ ಕರಗಿದರೂ ಅವು ಬಿಡಿಬಿಡಿಯಾಗುವ ಖಾತ್ರಿಯಿಲ್ಲ. ಒಡೆದ ಹಾಲು ಮತ್ತೆ ಹಾಲಾದೀತೆ? ಬೆಳ್ಳಗಿನ ಮಬ್ಬು ಇನ್ಸುಲಿನ್ ಆದರೆ ಗರಣೆ ಕಂಡು ಎಚ್ಚರಿಸಬಹುದು. ತಿಳಿಯಾದದ್ದು ಕರಗಿದ ಮೇಲೆ ಮೊದಲಿನಂತೆಯೇ ಕಾಣಬಹುದು, ಮೋಸ ಅಲ್ಲೇ. ಒಮ್ಮೆ ಹೆಪ್ಪುಗಟ್ಟಿದ್ದು ಗೊತ್ತಾದರೆ, ದುಬಾರಿ ಎಂದು ಮರುಗದೆ ಎಸೆಯಬೇಕು. ಫ್ರೀಜರಿನಿಂದ ಆಗಷ್ಟೇ ತೆಗೆದ ಐಸ್ ಪ್ಯಾಕ್ ಸೊನ್ನೆ ಡಿಗ್ರಿಗಿಂತ ಬಹಳ ಕೆಳಗಿರುತ್ತದೆ. ಬಾಟಲಿಗೂ ಅದಕ್ಕೂ ನಡುವೆ ದಪ್ಪ ಟವೆಲ್ ಬೇಕೇ ಬೇಕು. ಲಾಡ್ಜಿನ ಪುಟ್ಟ ಫ್ರಿಜ್ಜಿನಲ್ಲೂ ಐಸ್ ಖಾನೆಯ ಪಕ್ಕಕ್ಕೆ ಇಡಬಾರದು.

ಇಷ್ಟಕ್ಕೂ ಐಸ್ ಬೇಕೇ? ಸೀಲು ಒಡೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿಯ ತಂಪು ಬೇಕು, ನಿಜ. ಬಳಕೆಗೆ ತೆರೆದದ್ದು ಮಾತ್ರ 25–30 ಡಿಗ್ರಿಯೊಳಗಿದ್ದರೆ ಸಾಮಾನ್ಯವಾಗಿ ನಾಲ್ಕು ವಾರ ತಾಳುತ್ತದೆ. ಕೆಲವು ಬಗೆಗಳು ಇನ್ನೂ ಹೆಚ್ಚು. ಡಬ್ಬಿಯೊಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಕೆನ್ಯಾದ ದಗಹಾಲೆ ನಿರಾಶ್ರಿತರ ಶಿಬಿರದ ಮನೆಗಳಲ್ಲಿ ತಾಪ ದಿನವೂ 25ರಿಂದ 37 ಡಿಗ್ರಿಯ ನಡುವೆ ಏರಿಳಿಯುತ್ತಿತ್ತು. ಗಡಿಯಿಲ್ಲದ ವೈದ್ಯರ ಸಂಘಟನೆ ಹಾಗೂ ಜಿನೀವಾ ವಿಶ್ವವಿದ್ಯಾಲಯದವರು ಅದೇ ಏರಿಳಿತವನ್ನು ಪ್ರಯೋಗಾಲಯದಲ್ಲಿ ನಾಲ್ಕು ವಾರ ಮರುಸೃಷ್ಟಿಸಿ ನೋಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಇನ್ಸುಲಿನ್ ಕಳೆದುಕೊಂಡ ಸತ್ವ ಶೇ. 1ನ್ನು ಮೀರಲಿಲ್ಲ.

ಹಾಗಂತ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಊಟಕ್ಕೆ ಹೋಗುವಂತಿಲ್ಲ. ಅಲ್ಲಿ ಕಾವು 60 ಡಿಗ್ರಿ ದಾಟಬಹುದು. ಬಸ್ಸಿನಲ್ಲಿ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಚೀಲ ಇಡುವುದೂ ಬೇಡ. ಕಾವಿನ ಜೊತೆ ಕುಲುಕಾಟವೂ ಸೇರಿದರೆ ಇನ್ಸುಲಿನ್ನಿನ ಮಡಿಕೆ ಬಿಚ್ಚಿ, ಅಣುಗಳು ಎಳೆಎಳೆಯಾಗಿ ಹೆಣೆದುಕೊಳ್ಳುತ್ತವೆ.

ಫ್ರಿಜ್ಜೂ ಐಸೂ ಇಲ್ಲದೆ ತಂಪಿಡಲು ನಮ್ಮಲ್ಲಿ ಹಳೆಯ ಉಪಾಯವಿದೆ: ಮಣ್ಣಿನ ಮಡಕೆ. ಮೈಯಿಂದ ಒಸರಿದ ನೀರು ಆವಿಯಾಗುತ್ತ ಮಡಕೆಯ ಕಾವನ್ನು ಹೊತ್ತೊಯ್ಯುತ್ತದೆ. ನೀರಿನಲ್ಲಿ ನೆನೆಸಿ ಒಯ್ಯುವ ಈಗಿನ ಇನ್ಸುಲಿನ್ ಪೌಚುಗಳದ್ದೂ ಅದೇ ವಿದ್ಯೆ. ಹೆಪ್ಪುಗಟ್ಟುವ ಭಯವಿಲ್ಲದ್ದರಿಂದ ನನ್ನ ಓಟು ಇದಕ್ಕೆ. ಆದರೆ ಈ ವಿದ್ಯೆ ಎಲ್ಲ ಊರಿಗೂ ಒಗ್ಗದು. ಕಲಬುರಗಿಯಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ, ಗಾಳಿಯಲ್ಲಿ ತೇವಾಂಶ ಶೇ. 20 ಇದ್ದರೆ, ಒದ್ದೆ ಬಟ್ಟೆ ಸುಮಾರು 22 ಡಿಗ್ರಿಯವರೆಗೆ ತಣಿಯಬಲ್ಲದು. ಮಂಗಳೂರಿನಲ್ಲಿ 33 ಡಿಗ್ರಿಯೇ ಇರಲಿ, ತೇವಾಂಶ ಶೇ. 75 ಆಯಿತೆಂದರೆ 29ರ ಕೆಳಗೆ ಇಳಿಯುವುದೇ ಕಷ್ಟ. ಪೌಚನ್ನು ಪ್ಲಾಸ್ಟಿಕ್ ಕವರಿಗೆ ತುರುಕಿದರಂತೂ ಗಾಳಿಯಾಡದೆ, ಎಲ್ಲಿದ್ದರೂ ಕೆಲಸ ಮಾಡದು.

ವಿಮಾನದಲ್ಲಾದರೆ ಇನ್ಸುಲಿನ್ ಕೈಚೀಲದಲ್ಲೇ ಇರಲಿ, ವೈದ್ಯರ ಚೀಟಿಯ ಸಮೇತ. ಲಗೇಜಿಗೆ ಹಾಕಿದರೆ ಅತಿ ಚಳಿಗೆ ಸಿಗಬಹುದು, ಚೀಲವೇ ಬೇರೆ ಊರು ಸೇರಲೂಬಹುದು. ಪೆನ್ನಿಗೆ ಸೂಜಿ ಸಿಕ್ಕಿಸಿ ಇಟ್ಟರೆ ಒಳಗೆ ಗಾಳಿ ಗುಳ್ಳೆ ಸೇರುತ್ತದೆ, ತೆಗೆದಿಡಿ.

ಮಕ್ಕಳ ಮನೆಗೆಂದು ವಿದೇಶಕ್ಕೆ ಹೋಗುವವರಿಗೆ ಇನ್ನೊಂದು ತೊಡಕು. ನಮ್ಮ ಔಷಧಿ ಅಂಗಡಿಗಳಲ್ಲಿ ಸಿಗುವ ಬಾಟಲಿಗಳಲ್ಲಿ ಹೆಚ್ಚಿನವು ಮಿ.ಲೀ.ಗೆ 40 ಯೂನಿಟ್‌ನವು, ಅಮೆರಿಕದಲ್ಲಿ ಸಾಮಾನ್ಯವಾಗಿ 100. ಇಲ್ಲಿಂದ ಒಯ್ದ ಕೆಂಪು ಮುಚ್ಚಳದ 40ರ ಸಿರಿಂಜಿನಲ್ಲಿ ಅಲ್ಲಿನ ಇನ್ಸುಲಿನ್ ಎಳೆದರೆ ಡೋಸು ಎರಡೂವರೆ ಪಟ್ಟಾಗುತ್ತದೆ. ಸಕ್ಕರೆ ಏಕಾಏಕಿ ಕುಸಿದು ಪ್ರಜ್ಞೆ ತಪ್ಪಲು ಅಷ್ಟು ಸಾಕು. ಬಾಟಲಿ ಎಲ್ಲಿಯದೋ ಸಿರಿಂಜೂ ಅಲ್ಲಿಯದೇ ಆಗಬೇಕು.